ಬ್ಯಾಂಡಿನವರ ನೆರಿಗೆ ಲಂಗ

ಚಳ್ಳಕೆರೆಯ ಕಾನ್ವೆಂಟೊಂದರ ಹೊಲಿಗೆ ಟೀಚರ್ ಮೈಲಾರಮ್ಮನಿಗೆ ಸೆಕ್ರೆಟರಿ ಸಾಹೇಬರು ಒಂದು ಫೋಟೊ ಕೊಟ್ಟರು. ಬ್ಯಾಂಡಿನ ಹುಡುಗರಿಗೆ ಸ್ಕಾಟ್ಲೆಂಡಿನವರು ಉಡುವ ಇಂಥದೇ ನೆರಿಗೆ ಲಂಗ ಬೇಕಂತೆ. ದಪ್ಪ ಉಣ್ಣೆಯದೇ ಆಗಬೇಕು, ಅಗ್ಗಕ್ಕೇ ಸಿಗಬೇಕು. ಆಗದಿದ್ದರೆ ಅವಳ ಕೆಲಸ ಬೇರೆಯವರಿಗೆ.

ಮೂರು ಊರಿನ ಅಂಗಡಿ ಸುತ್ತಿ ಸೋತ ಮೈಲಾರಮ್ಮ, ಕೊನೆಗೆ ತವರಿನ ಕರಿ ಕಂಬಳಿ ತಂದು ನೆರಿಗೆ ಹಿಡಿದು ಸಾಹೇಬರಿಗೆ ತೋರಿಸಿದಳು. ಹುಣಸೆಬೀಜದ ಗಂಜಿ ಕುಡಿದ ಕಂಬಳಿ. ನೆರಿಗೆ ಹಲಗೆಯ ಹಾಗೆ ನಿಂತಿತು.

"ಛೀ! ಕುರಿ ಕಾಯೋರ ಕಂಬಳಿ!"

"ತಪ್ಪಾಯ್ತು ಸಾರ್. ಈ ಫೋಟೊದಲ್ಲಿರೋರು ಯಾರು ಸಾರ್?"

"ಸ್ಕಾಟ್ಲೆಂಡಿನ ವೀರ ಕಣಮ್ಮ!"

"ಅವರ ಹಿಂದೆ ಇರೋದು?"

ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ವೀರನ ಹಿಂದೆ ಗುಡ್ಡದ ತುಂಬ ಕುರಿ ಮೇಯುತ್ತಿದ್ದವು. ಅವರು ಫೋಟೊ ಕೆಳಗಿಟ್ಟು ಕಂಬಳಿಯ ನೆರಿಗೆ ಸವರಿದರು.

ಮೈಲಾರಮ್ಮ ನಿಟ್ಟುಸಿರಿಟ್ಟು ಟೇಪು ಬಿಚ್ಚಿದಳು. "ಸೊಂಟದ ಅಳತೆ ಯಾರಿಂದ ಶುರು ಮಾಡ್ಲಿ ಸಾರ್?"