ದ್ಯಾವವ್ವ ಕಚ್ಚಿದ ಹಲಸಿನ ಬೀಜ

ಒಂದು ಕಾಡಿನಲ್ಲಿ ಮಾಗಿಯ ಚಳಿ ಬಿತ್ತೆಂದರೆ ಎಲ್ಲರ ಕಾಲೂ ದ್ಯಾವವ್ವನ ಮನೆಯ ಕಡೆಗೇ ತಿರುಗುತ್ತಿದ್ದವು. ದ್ಯಾವವ್ವ ಒಂದು ಮುದಿ ಮುಳ್ಳುಹಂದಿ. ಹಲಸಿನ ಕಾಲದಲ್ಲಿ ಆಯ್ದ ಬೀಜಗಳಿಗೆ ಕೆಮ್ಮಣ್ಣು ಬಳಿದು ಜೋಪಾನವಾಗಿ ಎತ್ತಿಡುತ್ತಿದ್ದಳು. ಮಾಗಿಯಲ್ಲಿ ಅವನ್ನು ತೊಳೆದು, ಒಣಗಿಸಿ, ಒಲೆಯ ಬಿಸಿಬೂದಿಯಲ್ಲಿ ಹೂತು ಸುಡುತ್ತಿದ್ದಳು. ಆಹಾ, ಆ ಬೀಜದ ರುಚಿಯೇ ರುಚಿ! ಹೊರಗೆ ಗರಿಗರಿ, ಒಳಗೆ ಬೆಣ್ಣೆ.

ಸುಡುವ ಮೊದಲು ಅವಳಿಗೆ ಇನ್ನೊಂದು ಕೆಲಸವಿತ್ತು. ಒಂದೊಂದೇ ಬೀಜವನ್ನು ಹಲ್ಲಿನ ನಡುವೆ ಹಿಡಿದು, ಸಿಪ್ಪೆಗೆ ಮಾತ್ರ ತಾಗುವಂತೆ ಕಟಕ್ಕೆಂದು ಕಚ್ಚುತ್ತಿದ್ದಳು. ಒಂದು ಬುಟ್ಟಿ ಬೀಜಕ್ಕೆ ಮಧ್ಯಾಹ್ನವೆಲ್ಲ ಹಿಡಿಯುತ್ತಿತ್ತು. ಒಂದೂ ಹೋಳಾಗುತ್ತಿರಲಿಲ್ಲ, ಒಂದೂ ತಪ್ಪುತ್ತಿರಲಿಲ್ಲ. ಅಂಥ ಹದ ಆ ಕಾಡಿನಲ್ಲಿ ಇನ್ಯಾರಿಗೂ ತಿಳಿದಿರಲಿಲ್ಲ. ಏಕೆ ಕಚ್ಚುತ್ತಾಳೆಂದು ಯಾರೂ ಕೇಳಿಯೂ ಇರಲಿಲ್ಲ. ತಿನ್ನುವವರಿಗೆ ಅದೆಲ್ಲ ಯಾಕೆ ಬೇಕು!

ಆ ವರ್ಷ ಕೆಂಚನೆಂಬ ನರಿಯೂ ಬಂದು ಒಲೆಯ ಮುಂದೆ ಕುಳಿತ. ಬೀಜ ಕಂಡದ್ದೇ ಅವನ ಬಾಯಲ್ಲಿ ನೀರೂರಿತು. ಅಷ್ಟನ್ನೂ ತಾನೊಬ್ಬನೇ ನುಂಗುವ ದಾರಿ ಹುಡುಕಿದ. ಪಕ್ಕದಲ್ಲಿದ್ದ ಮೊಲ ಬೆಳ್ಳಕ್ಕನ ಕಿವಿಯಲ್ಲಿ ಮೆಲ್ಲಗೆ ಊದಿದ.

"ಅಲ್ಲ ಬೆಳ್ಳಕ್ಕ, ಮುದುಕಿ ಬಾಯಿ ಹಾಕಿದ್ದನ್ನ ತಿಂತೀರಲ್ಲ, ಎಂಜಲು ಅನ್ನಿಸೋದಿಲ್ವಾ?"

ಬೆಳ್ಳಕ್ಕ ಮುಖ ಕಿವುಚಿದಳು. ಮಾತು ಜಿಂಕೆಗೆ ಹೋಯಿತು, ಜಿಂಕೆಯಿಂದ ಅಳಿಲಿಗೆ ಹೋಯಿತು. ದ್ಯಾವವ್ವ ಸುಟ್ಟ ಬೀಜ ತಂದರೆ ಯಾರೂ ಕೈ ಚಾಚಲಿಲ್ಲ.

"ಯಾಕ್ರಪ್ಪಾ, ಹಸಿವಿಲ್ವಾ?"

"ಎಂಜಲು ನಮಗೆ ಬೇಡ ಅಜ್ಜಿ," ಎಂದಳು ಬೆಳ್ಳಕ್ಕ, ನೆಲ ನೋಡುತ್ತ.

ಆ ಮಾತು ದ್ಯಾವವ್ವನ ಎದೆಗೆ ಚುಚ್ಚಿತು. ನಾಳೆಯಿಂದ ಇವರ್ಯಾರೂ ಬರದಿದ್ದರೆ ಈ ಒಲೆ ಹಚ್ಚುವುದಾದರೂ ಯಾರಿಗಾಗಿ? ಅವಳಿಗೆ ಅಳುವೇ ಬಂತು.

ಕೆಂಚ ಎದ್ದು ನಿಂತ. "ಅಳಬೇಡ ಅಜ್ಜಿ. ಮೂಲೆಯಲ್ಲಿ ಇನ್ನೂ ಕಚ್ಚದ ಬೀಜದ ಬುಟ್ಟಿ ಇದೆಯಲ್ಲ, ಅದನ್ನ ಕೊಡು. ನಮ್ಮನೇಲಿ ಶುದ್ಧವಾಗಿ ಸುಟ್ಟು ಎಲ್ಲರಿಗೂ ತರ್ತೀನಿ."

"ಕಚ್ಚದೆ ಸುಡಬಾರದು ಕಣಪ್ಪಾ..."

"ನಿನಗೆ ವಯಸ್ಸಾಯ್ತು, ಸುಮ್ನಿರು."

ಎಲ್ಲರೂ ಅವನಿಗೇ ತಲೆಯಾಡಿಸಿದರು. ಚಳಿಗಾಲಕ್ಕೆಂದು ಉಳಿದಿದ್ದ ಬೀಜವೆಲ್ಲ ಅವನ ಪಾಲಾಯಿತು.

ಕೆಂಚ ಮನೆಗೆ ಹೋದವನೇ ಬಾಗಿಲಿಗೆ ಕಲ್ಲು ಅಡ್ಡವಿಟ್ಟ. ಎಲ್ಲರಿಗೆ ತರುವುದಂತೆ! ಅರ್ಧ ಬುಟ್ಟಿಯನ್ನು ಒಮ್ಮೆಲೇ ಕೆಂಡಕ್ಕೆ ಸುರಿದು, ಬಗ್ಗಿ ಉಫ್ ಉಫ್ ಎಂದು ಊದಿದ. ಬೀಜದೊಳಗಿನ ಹಬೆಗೆ ಹೊರಬರಲು ದಾರಿಯೇ ಇರಲಿಲ್ಲ. ಢಂ! ಒಂದು ಮೂಗಿಗೆ ಬಡಿಯಿತು. ಢಂ ಢಂ! ಕೆಂಡ ಹಾರಿ ಮೀಸೆ ಸುಟ್ಟಿತು, ಬಾಲ ಹೊತ್ತಿತು. ಓಡೋಣವೆಂದರೆ ಬಾಗಿಲಿಗೆ ತಾನೇ ಇಟ್ಟ ಕಲ್ಲು.

"ಅಯ್ಯೋ ಅಜ್ಜೀ, ಸತ್ತೆ!"

ಸದ್ದಿಗೆ ಎಲ್ಲರೂ ಓಡಿಬಂದು ಕಲ್ಲು ಉರುಳಿಸಿದರು. ದ್ಯಾವವ್ವ ಬೈಯಲಿಲ್ಲ, ಮೊದಲು ಅವನ ಬಾಲಕ್ಕೆ ಒದ್ದೆಮಣ್ಣು ಮೆತ್ತಿದಳು. ಎಂಥ ದೊಡ್ಡ ಜೀವ ಅದು! ಆ ಕಲ್ಲು ನೋಡಿ ಬೆಳ್ಳಕ್ಕನಿಗೆ ನರಿಯ ಬುದ್ಧಿ ಅರ್ಥವಾಯಿತು.

"ನೀನು ಕಚ್ಚುತ್ತಿದ್ದದ್ದು ಬೀಜ ಹೀಗೆ ಸಿಡೀದಿರಲಿ ಅಂತಾನಾ ಅಜ್ಜಿ? ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ."

"ಹಬೆ ಹೋಗೋಕೆ ಒಂದು ಕಿಂಡಿ ಬೇಡವೇನವ್ವಾ?" ಎಂದು ದ್ಯಾವವ್ವ ಉಳಿದ ಬೀಜಗಳನ್ನು ಮುಂದಿಟ್ಟಳು. "ತಗೋ, ಇವತ್ತು ನೀನೇ ಕಚ್ಚು."

ಬೆಳ್ಳಕ್ಕ ಕಚ್ಚಿದಳು. ಮೊದಲನೆಯದು ಎರಡು ಹೋಳಾಯಿತು. ಎರಡನೆಯದು ಜಾರಿ ಬಿತ್ತು. ಐದನೆಯದಕ್ಕೆ ದವಡೆ ನೋಯತೊಡಗಿತು. ಇಷ್ಟು ವರ್ಷ ತಾವು ಕೂತಲ್ಲೇ ತಿಂದದ್ದು ಎಷ್ಟು ಬುಟ್ಟಿಯೋ ಎಂದು ನೆನೆದು ಅವಳ ಕಣ್ಣು ತುಂಬಿತು. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಕಚ್ಚಿದಳು, ಬಿಸಿಬೂದಿಯಲ್ಲಿ ಹೂತಳು. ಬೀಜ ಬೆಂದು ಘಮ್ಮೆಂದಾಗ ಎಲ್ಲರಿಗಿಂತ ಮೊದಲು ಕೈ ಚಾಚಿದವನು, ಮೂಗು ಊದಿಸಿಕೊಂಡ ಕೆಂಚ.

ನೀತಿ: ಬಲ್ಲವರ ಕೆಲಸವನ್ನು ಕಾರಣ ತಿಳಿಯದೆ ಹಳಿಯಬಾರದು, ಹಳಿದು ಲಾಭ ಹೊಡೆಯಲು ಹೋದವನು ತನ್ನ ಮೀಸೆಯನ್ನೇ ಸುಟ್ಟುಕೊಳ್ಳುತ್ತಾನೆ.