ಮೀನಿನ ಟ್ಯಾಂಕಿನ ಎರಡನೇ ಪೈಪು

ದಾವಣಗೆರೆಯ ನಾಗವೇಣಿಗೆ ಮೀನು ಅಂದರೆ ಪ್ರಾಣ. ನಡುಮನೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ಟ್ಯಾಂಕು ಇಟ್ಟಿದ್ದಳು. ಮೇಲೆ ಹೆಚ್ಚಾದ ನೀರು ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು, ಅಲ್ಲಿ ಸೋಸಿಕೊಂಡು ಪಂಪಿನ ಮೂಲಕ ಮತ್ತೆ ಮೇಲೇರುತ್ತಿತ್ತು. ಪೈಪುಗಳನ್ನು ಕೊಯ್ದು, ಅಂಟು ಹಚ್ಚಿ ಜೋಡಿಸಿದವಳು ಅವಳೇ. ನೀರು ಇಳಿಯೋಕೆ ಒಂದಲ್ಲ, ಎರಡು ಪೈಪು ಇಟ್ಟಿದ್ದಳು. ಮೊದಲನೆಯದು ದಿನದ ಕೆಲಸಕ್ಕೆ. ಎರಡನೆಯದು ಸುಮ್ಮನೆ ಖಾಲಿ ನಿಂತಿರುತ್ತಿತ್ತು. ಎಂದಾದರೂ ಮೊದಲನೆಯದು ಕಟ್ಟಿಕೊಂಡರೆ ನೀರಿಗೆ ಒಂದು ದಾರಿ ಬೇಕಲ್ಲ, ಅದಕ್ಕೆ. ಎಲ್ಲಾ ಸರಿ, ಆದರೆ ಸದ್ದು ಮಾತ್ರ ವಿಪರೀತ! ನೀರಿನ ಜೊತೆ ಗಾಳಿಯೂ ಇಳಿದು ಹಗಲೂ ರಾತ್ರಿ ಗೊಳಗೊಳ ಅನ್ನುತ್ತಿತ್ತು.

ಆ ವರ್ಷ ಅವಳ ಅಪ್ಪ ತೀರಿಕೊಂಡರು. ಹರಿಹರದಲ್ಲಿದ್ದ ಅವ್ವ ಸರ್ವಮಂಗಳಮ್ಮನನ್ನು ನಾಗವೇಣಿ ತನ್ನ ಮನೆಗೇ ಕರೆತಂದಳು.

ಅವ್ವನಿಗೆ ಬಾಯಿ ತೆರೆದರೆ ಯಜಮಾನರದೇ ಮಾತು. ಚಹಾ ಕೊಟ್ಟರೆ, "ಅವರಿಗೆ ಸಕ್ಕರೆ ಒಂಚೂರು ಜಾಸ್ತಿ ಬೇಕಿತ್ತು." ಮಾತು ಮುಗಿಯುವುದರೊಳಗೆ ಕಣ್ಣಲ್ಲಿ ನೀರು. ನೋಡಲಾರದೆ ನಾಗವೇಣಿ ಒಂದು ದಿನ ಹೇಳಿಯೇಬಿಟ್ಟಳು:

"ಅವ್ವಾ, ಆಗಿದ್ದು ಆಗಿ ಹೋಯ್ತು. ಮತ್ತೆ ಮತ್ತೆ ಅದನ್ನೇ ತೆಗೀಬ್ಯಾಡ. ಅತ್ತು ಅತ್ತು ಬಿಪಿ ಏರಿಸ್ಕೊಂಡ್ರೆ ಏನ್ ಮಾಡೋದು?"

ಅವ್ವ ಹೂಂ ಅಂದರು. ಅವತ್ತಿನಿಂದ ಅಪ್ಪನ ಸುದ್ದಿ ಎತ್ತಲಿಲ್ಲ, ಅಳಲೂ ಇಲ್ಲ. ಕೊಟ್ಟ ಊಟ ಉಂಡು, ಹಚ್ಚಿದ ಟಿವಿ ನೋಡುತ್ತ ಕೂತರು. ಸದ್ಯ, ಅವ್ವ ಸುಧಾರಿಸಿಕೊಂಡಳು ಅಂತ ಮಗಳಿಗೆ ಸಮಾಧಾನ. ಪಾಪ, ಪ್ರೀತಿಗೆ ಕಣ್ಣು ಸ್ವಲ್ಪ ಮಂಜು ನೋಡಿ.

ಇನ್ನು ಉಳಿದದ್ದು ಟ್ಯಾಂಕಿನ ಸದ್ದು. ಅವ್ವನ ನಿದ್ದೆ ಕೆಡಬಾರದು ಅಂತ ನಾಗವೇಣಿ ಮೊದಲನೇ ಪೈಪಿಗೆ ವಾಲ್ವ್ ಕೂಡಿಸಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದಳು. ದಾರಿ ಕಿರಿದಾಗಿ ಪೈಪು ತುಂಬಿ ಹರಿಯಿತು, ಗಾಳಿಗೆ ಜಾಗ ಸಿಗಲಿಲ್ಲ, ಗೊಳಗೊಳ ನಿಂತಿತು. ಆದರೆ ವಾಲ್ವ್ ಒಂದು ಎಳೆ ಹೆಚ್ಚೇ ಬಿಗಿಯಾಗಿತ್ತು. ಮಿಕ್ಕ ನೀರು ಎರಡನೇ ಪೈಪಿಗೆ ಹೊರಳಿ ಅಲ್ಲಿ ಗುಳುಕ್ ಗುಳುಕ್ ಅಂದಿತು. ವಾಲ್ವನ್ನು ಕೂದಲೆಳೆಯಷ್ಟು ಸಡಿಲಿಸಿದ್ದರೆ ಸಾಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ಎರಡನೇ ಪೈಪಿನ ಬಾಯಿಗೆ ಮುಚ್ಚಳ ಜಡಿದಳು, ಒಂದೇ ಪೈಪಿಗೆ ಸಾಲುವಷ್ಟು ಪಂಪಿನ ವೇಗ ತಗ್ಗಿಸಿದಳು. ಮನೆ ಗಪ್‌ಚುಪ್.

"ನೋಡವ್ವಾ, ಈಗೆಷ್ಟು ಶಾಂತ ಐತೆ!" ಅಂದಳು. ಅವ್ವ ಹೂಂ ಅಂದರು.

ಮರುದಿನ ಸೋಮವಾರ. ನಾಗವೇಣಿ ತನ್ನ ಹೊಲಿಗೆ ಅಂಗಡಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದರೆ, ಹೊಸ್ತಿಲು ದಾಟಿ ನೀರು ಹರಿಯುತ್ತಿದೆ! ಒಳಗೆ ಅವ್ವ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದಲೇ ನೆಲ ಒರೆಸುತ್ತಿದ್ದಾರೆ. ಬಾಗಿಲ ಬಳಿ ಅವರ ಬಟ್ಟೆಯ ಚೀಲ ಕಟ್ಟಿ ಸಿದ್ಧವಾಗಿದೆ.

ನಾಗವೇಣಿ ಓಡಿಹೋಗಿ ಪಂಪು ನಿಲ್ಲಿಸಿದಳು. ಟ್ಯಾಂಕಿನೊಳಗೆ ಇಣುಕಿದರೆ, ಮೊದಲನೇ ಪೈಪಿನ ಬಾಯಿ ತುಂಬಾ ಉಬ್ಬಿದ ಮಂಡಕ್ಕಿ.

"ಅಯ್ಯೋ, ಮಂಡಕ್ಕಿ ಯಾರು ಹಾಕಿದ್ದು?"

"ನಾನೇ ಕಣವ್ವ," ಅಂದರು ಅವ್ವ. "ಇವತ್ತು ಸೋಮವಾರ ಅಲ್ವಾ. ಸೋಮವಾರ ಹೊಳೆ ದಂಡೆಗೆ ಅವರು..." ಅಲ್ಲಿಗೇ ತಡೆದು, ಮಗಳ ಮುಖವನ್ನು ಹೆದರಿಕೆಯಿಂದ ನೋಡಿದರು. "ಇಲ್ಲ ಬಿಡು, ಹೇಳಲ್ಲ. ನೀನು ಬ್ಯಾಡ ಅಂದೀಯ. ನಾನು ಹರಿಹರಕ್ಕೆ ಹೋಗ್ತೀನಿ ಮಗಳೇ. ನನ್ನಿಂದ ನಿನಗೆ ಯಾಕೆ ತ್ರಾಸು?"

ಹೆತ್ತ ತಾಯಿ ತನಗೆ ಹೆದರುತ್ತಿದ್ದಾಳೆ! ನಾಗವೇಣಿಯ ಕಣ್ಣು ಎರಡನೇ ಪೈಪಿನ ಮೇಲೆ ಬಿತ್ತು. ಅದೊಂದು ತೆರೆದಿದ್ದರೆ ಮೊದಲನೆಯದು ಕಟ್ಟಿಕೊಂಡಿದ್ದರೂ ನೆಲಕ್ಕೆ ಹನಿ ಬೀಳುತ್ತಿರಲಿಲ್ಲ. ಮುಚ್ಚಿದವಳು ತಾನು. ಪೈಪಿನ ಬಾಯಿಯನ್ನೂ, ಅವ್ವನ ಬಾಯಿಯನ್ನೂ.

ಮುಚ್ಚಳ ಕಿತ್ತು ಬಿಸಾಡಿದಳು. ಹಸಿ ನೆಲದಲ್ಲೇ ಅವ್ವನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು.

"ತಪ್ಪು ಮಂಡಕ್ಕೀದಲ್ಲವ್ವಾ, ನಂದು. ಹೇಳು, ಸೋಮವಾರ ಅಪ್ಪ ಏನ್ ಮಾಡ್ತಿದ್ರು?"

ಅವ್ವ ಒದ್ದೆ ಸೆರಗು ಹಿಂಡಿದರು. ಆಮೇಲೆ ಮೆಲ್ಲಗೆ ಶುರು ಮಾಡಿದರು.

"ಮೀನಿಗೆ ಅಂತ ಒಂದು ಸೇರು ಮಂಡಕ್ಕಿ ಕೊಳ್ಳೋರು. ಹೊಳೆ ಮುಟ್ಟೋದ್ರೊಳಗೆ ಅರ್ಧ ಅವರೇ ತಿಂದಿರೋರು. ಕೇಳಿದ್ರೆ, 'ಮೀನು ಲೆಕ್ಕ ಕೇಳ್ತಾವಾ?' ಅನ್ನೋರು ಕಣೇ!"

ಹೇಳುತ್ತ ಹೇಳುತ್ತ ನಕ್ಕರು. ನಗುತ್ತಲೇ ಗೊಳೋ ಅಂತ ಅತ್ತರು. ನಾಗವೇಣಿ ಈ ಸಲ ಬೇಡ ಅನ್ನಲಿಲ್ಲ, ತಾನೂ ಅತ್ತಳು. ಅನ್ನ ಸಾರು ಆರಿ ತಣ್ಣಗಾಯಿತು.

ಸಂಜೆ ಪೈಪು ತೊಳೆದು, ಪಂಪನ್ನು ಮೊದಲಿನ ವೇಗಕ್ಕೇ ಹಚ್ಚಿ, ವಾಲ್ವನ್ನು ಕೂದಲೆಳೆಯಷ್ಟೇ ಸಡಿಲಿಸಿದಳು. ಎರಡನೇ ಪೈಪಿನ ಒಳಗೋಡೆಗೆ ಅಂಟಿ ನೂಲಿನಷ್ಟು ನೀರು ಇಳಿಯತೊಡಗಿತು. ಸದ್ದೇ ಇಲ್ಲ.

"ಇದರಲ್ಲಿ ನೀರೇ ಇಲ್ದಂಗೈತಲ್ಲೇ, ಇದ್ಯಾಕೆ ಬೇಕು?" ಅಂದರು ಅವ್ವ.

"ಬೇಕವ್ವಾ. ಅದು ತೆರೆದೇ ಇರ್ಲಿ," ಅಂದ ಮಗಳು ಬಾಗಿಲ ಬಳಿಯ ಚೀಲ ಬಿಚ್ಚಿ, ಅವ್ವನ ಸೀರೆಗಳನ್ನು ತನ್ನ ಬೀರುವಿನಲ್ಲೇ ಇಟ್ಟಳು.

ಮುಂದಿನ ಸೋಮವಾರ ಅವ್ವ ಮಗಳು ಇಬ್ಬರೂ ಹರಿಹರದ ಹೊಳೆಗೆ ಹೋದರು. ಮಂಡಕ್ಕಿ ಪೊಟ್ಟಣ ಹೊಳೆ ಮುಟ್ಟುವುದರೊಳಗೆ ಅರ್ಧ ಖಾಲಿಯಾಗಿತ್ತು.

ನೀತಿ: ನೊಂದವರ ಬಾಯಿ ಮುಚ್ಚಿಸಿದರೆ ಮನೆ ಶಾಂತವಾಗಬಹುದು, ಅವರ ಮನಸ್ಸು ಶಾಂತವಾಗುವುದಿಲ್ಲ. ಪ್ರೀತಿಸುವವರು ದುಃಖ ಹರಿದುಹೋಗಲು ಒಂದು ದಾರಿಯನ್ನು ಸದಾ ತೆರೆದಿಟ್ಟಿರಬೇಕು, ಪಕ್ಕದಲ್ಲಿ ಕೂತು ಕೇಳಬೇಕು.