ಬೀರಮ್ಮ ಹೊಳೆಯ ನೀರು ಕುಡಿದದ್ದು

ಪೂಜ್ಯ ನಿರಂಜನಾಂಬೆಯವರು ಸಂಪೆಕುರ್ವೆಗೆ ಬಂದು ನೆಲೆಸಿದಾಗ ಅವರ ಬಳಿ ಇದ್ದದ್ದು ಒಂದು ಕಂಬಳಿ, ನೀರು ಕುಡಿಯಲು ಒಂದು ತೆಂಗಿನ ಗರಟೆ, ಮಡಲು ಸೀಳಲು ಒಂದು ಮೊಂಡುಗತ್ತಿ. ಅಷ್ಟೇ. ಹೊಳೆ ದಾಟಿಸುವ ದೋಣಿಗೆ ಆ ಕಡೆ ತಾರಿ ಎನ್ನುತ್ತಾರೆ. ತಾರಿಗೆ ಕಾಯುವ ಜನ ಕೂರಲೆಂದು ದಡದ ಕಟ್ಟೆಯ ಮೇಲೆ ನಾಲ್ಕು ಕಂಬ ನೆಟ್ಟು ಕಟ್ಟಿದ್ದ ಮಾಡೇ ಅವರ ಮಠವಾಯಿತು. ಜನ ಅವರನ್ನು ತಾರಿ ಅಬ್ಬೆ ಎಂದು ಕರೆದರು. ಅವರ ದೀಕ್ಷೆಯ ಹೆಸರು ಊರಿನ ಅರ್ಧ ಜನಕ್ಕೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಬ್ಬೆಯವರು ಬೆಳಗಾಗುವ ಮೊದಲೇ ಎದ್ದು ಕಟ್ಟೆ ಗುಡಿಸುತ್ತಿದ್ದರು. ಆಮೇಲೆ ದಿನವಿಡೀ ತೆಂಗಿನ ಗರಿಯ ಮಡಲು ಹೆಣೆಯುತ್ತಿದ್ದರು, ಹೆಣೆದದ್ದನ್ನು ಕೇಳಿದವರಿಗೆ ಕೊಡುತ್ತಿದ್ದರು. ಸಂಪೆಕುರ್ವೆ ಉಪ್ಪು ಬೆಳೆಯುವವರ ಊರು. ಹೊಳೆಯ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ ಉಪ್ಪನ್ನು ಗೋರುಮಣೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಮಳೆ ಬೀಳುವ ಮೊದಲು ಆ ರಾಶಿಗೆ ಹೆಣೆದ ಮಡಲು ಹೊದಿಸದಿದ್ದರೆ ಆರು ತಿಂಗಳ ದುಡಿಮೆ ಒಂದು ಗಳಿಗೆಯಲ್ಲಿ ನೀರು. ಆದ್ದರಿಂದ ಅಬ್ಬೆಯವರ ಮಡಲಿಗೆ ಬೇಸಿಗೆಯ ಕೊನೆಯಲ್ಲಿ ಬಹಳ ಬೇಡಿಕೆ.

ಕೇಳದೆ ಇದ್ದವಳು ಒಬ್ಬಳೇ, ಬೀರಮ್ಮ.

ಬೀರಮ್ಮ ಗಂಡ ಸತ್ತ ವರ್ಷವೇ ತಲೆಯ ಮೇಲೆ ಮಣ್ಣು ಹೊತ್ತು, ಉಬ್ಬರದ ನೀರು ಮೂರು ಸಲ ಕೊಚ್ಚಿಕೊಂಡು ಹೋದ ಬದುವನ್ನು ನಾಲ್ಕನೆಯ ಸಲ ನಿಲ್ಲಿಸಿ, ನಾಲ್ಕು ಪಾತಿ ಮಾಡಿಕೊಂಡವಳು. ಯಾರ ಮನೆಯ ಜಗಲಿಯಲ್ಲೂ ಕೂತು ಅತ್ತವಳಲ್ಲ. ತಾರಿಕಟ್ಟೆಯ ಮುಂದೆ ಹಾದುಹೋಗುವಾಗ ಅವಳು ಬೇಕೆಂದೇ ದನಿ ಏರಿಸುತ್ತಿದ್ದಳು.

"ಅಬ್ಬೆಯಂತೆ ಅಬ್ಬೆ! ದಿನಾ ಯಾರಾದರೂ ಗಂಜಿ ತಂದು ಇಟ್ಟರೆ ನಾನೂ ನೆರಳಲ್ಲಿ ಕೂತು ದೇವರಾಗ್ತಿದ್ದೆ!"

ಅಬ್ಬೆಯವರು ತಲೆಯೆತ್ತಿ ನಗುತ್ತಿದ್ದರು. ಕೈ ಮಾತ್ರ ಹೆಣೆಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಅದು ರೋಹಿಣಿ ಮಳೆಯ ದಿನಗಳು. ಮಳೆಯೆಂದು ಹೆಸರಷ್ಟೇ, ಸುರಿಯುತ್ತಿದ್ದದ್ದು ಸೆಖೆ. ಬೆಳಗ್ಗೆ ಉಟ್ಟ ಸೀರೆ ಒಲೆ ಹೊತ್ತಿಸುವಷ್ಟರಲ್ಲಿ ಮೈಗೆ ಅಂಟುತ್ತಿತ್ತು. ಎಲೆ ಅಲುಗುತ್ತಿರಲಿಲ್ಲ. ಮಧ್ಯಾಹ್ನ ಕಳೆಯುತ್ತಲೇ ಪೂರ್ವದಲ್ಲಿ ಘಟ್ಟದ ಮೇಲೆ ಕಪ್ಪು ಕಟ್ಟಿ, ಗುಡುಗು ಉರುಳಿ, ಅಲ್ಲೇ ಎಲ್ಲೋ ಸುರಿದು ಖಾಲಿಯಾಗುತ್ತಿತ್ತು. ಕೆಳಗಿನವರಿಗೆ ನಾಲ್ಕು ಹನಿ, ಮತ್ತೆ ಅದೇ ಸೆಖೆ.

ಆ ವಾರದ ಮೊದಲ ದಿನ ತಾರಿ ನಡೆಸುವ ಹಮ್ಮಣ್ಣ ಅಂಬಿಗ ಬೀರಮ್ಮನ ಪಾತಿಯ ಬದುವಿಗೆ ಬಂದು ನಿಂತ. ತಲೆಯ ಮುಂಡಾಸು ಬಿಚ್ಚಿ ಬೆವರು ಒರೆಸಿಕೊಂಡ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ.

"ಎಂಥದು ಹಮ್ಮಣ್ಣ? ಮುಂಡಾಸು ತೋರಿಸೂಕೆ ಬಂದ್ಯಾ?"

"ಬೈಯೂದಾದರೆ ಆಮೇಲೆ ಬೈಯಿ ಮಾರಾಯ್ತಿ. ಆಚೆ ದಡದಿಂದ ಸುದ್ದಿ ತಂದೆ. ಶೇವಂತಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿತ್ತಂತೆ."

ಬೀರಮ್ಮನ ಗೋರುಮಣೆ ನಿಂತಿತು.

"ಹಿಂದೆ ಎರಡು ಸಲ ಬಸಿರು ನಿಲ್ಲಲಿಲ್ಲ. ಈ ಸಲವೂ ಸೂಲಗಿತ್ತಿ ಅಷ್ಟೊಂದು ಧೈರ್ಯದ ಮಾತು ಹೇಳೂದಿಲ್ಲ. ಬಯಕೆ ಏನೇ ಅಂತ ಕೇಳಿದ್ರೆ, ಹಲಸಲ್ಲ, ಮಾವಲ್ಲ, ಅವ್ವಿಯ ಉಪ್ಪು ಹಾಕಿದ ಗಂಜಿ ಬೇಕಂತೆ." ಹಮ್ಮಣ್ಣ ಆಕಾಶ ನೋಡಿದ. "ಹೊಳೆಗೆ ಹೊಸ ನೀರು ಇಳಿದ ದಿನ ತಾರಿ ಕಟ್ತೇನೆ. ಆಮೇಲೆ ದೀಪಾವಳಿ ತನಕ ನೀನು ಕೂಗಿದ್ರೂ ನಾನು ಬಿಡೂದಿಲ್ಲ. ಒಂದು ವಾರ ಇದೆ, ನೋಡು."

"ಹೇಳಿ ಆಯ್ತಲ್ಲ, ಹೋಗು," ಎಂದಳು ಬೀರಮ್ಮ.

ಶೇವಂತಿ ಅವಳ ಒಬ್ಬಳೇ ಮಗಳು. ಒಂಬತ್ತು ವರ್ಷದ ಹಿಂದೆ, ಆಚೆ ದಡದ ಹೊನ್ನೆಕೇರಿಯಲ್ಲಿ ದೋಣಿ ಕಟ್ಟುವ ವಾಮನ ಆಚಾರಿಯನ್ನು ತಾಯಿಗೆ ಹೇಳದೆ ಮದುವೆಯಾದಳು. ಹುಡುಗ ಒಳ್ಳೆಯವನೇ. ಬೇರೆ ಜಾತಿಯವನೆಂಬುದು ಊರಿಗೆ ದೊಡ್ಡದಾಗಿತ್ತು. ಬೀರಮ್ಮನನ್ನು ಸುಟ್ಟದ್ದು ಅದಲ್ಲ. ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದು. ಮಗಳು ಗಂಡನ ಜೊತೆ ಕಾಲಿಗೆ ಬೀಳಲು ಬಂದಾಗ ಅವಳು ಇದೇ ಬದುವಿನ ಮೇಲೆ, ಹತ್ತು ಜನರ ಎದುರಿಗೆ ನಿಂತು ಹೇಳಿದ್ದಳು:

"ಈ ಹೊಳೆ ಉಪ್ಪಾಗಿರೋ ತನಕ ನಿನ್ನ ಹೊಸಿಲು ತುಳಿಯೂದಿಲ್ಲ."

ಉರಿಬಿಸಿಲಿನ ದಿನ ಆಡಿದ ಮಾತು ಅದು. ಎಂದೆಂದಿಗೂ ಇಲ್ಲ ಎಂದೇ ಕೇಳಿದವರು ತಿಳಿದರು. ಆಡಿದವಳೂ ಹಾಗೆಂದೇ ಆಡಿದಳು. ಆಡಿದ ಮಾತನ್ನು ಬೀರಮ್ಮ ಹಿಂದಕ್ಕೆ ತೆಗೆದುಕೊಂಡದ್ದು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಆದರೂ ಪ್ರತಿ ವರ್ಷ ಮೊದಲ ಪಾತಿಯ ಉಪ್ಪು ಎಳೆದ ದಿನ ಅವಳು ಅಡಿಕೆಹಾಳೆಯಲ್ಲಿ ಒಂದು ಉಪ್ಪಿನ ಕೊಟ್ಟೆ ಕಟ್ಟುತ್ತಿದ್ದಳು. ಮದುವೆಯಾಗಿ ಹೋದ ಮಗಳಿಗೆ ತವರಿನ ಹೊಸ ಉಪ್ಪು ಕಳಿಸುವುದು ಆ ಜನರ ಪದ್ಧತಿ. ಅದಕ್ಕೆ ಕೆಂಪು ನೂಲು ಸುತ್ತುತ್ತಾರೆ. ಕೊಟ್ಟೆ ಅಡುಗೆಮನೆಯ ಗಳುವಿಗೆ ತೂಗುತ್ತಿತ್ತು. ಮಳೆಗಾಲದ ಥಂಡಿಗೆ ಉಪ್ಪು ಬೆವೆತು, ಒಂದೊಂದೇ ಹನಿಯಾಗಿ ಒಲೆಯ ಪಕ್ಕದ ನೆಲಕ್ಕೆ ಬೀಳುತ್ತಿತ್ತು. ಬೀರಮ್ಮ ಒಬ್ಬಳೇ ಉಣ್ಣುತ್ತಾ ಆ ಸದ್ದು ಕೇಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಬಿಳಿ ಕಲೆಯ ಖಾಲಿ ಹಾಳೆ ಉಳಿಯುತ್ತಿತ್ತು. ಹಾಗೆ ಎಂಟು ಕೊಟ್ಟೆ ಕರಗಿದ್ದವು. ಒಂಬತ್ತನೆಯದು ಈಗ ತೂಗುತ್ತಿತ್ತು.

ಹಮ್ಮಣ್ಣ ಹೇಳಿ ಹೋದ ಮೇಲೆ ಮೂರು ದಿನ ಅವಳಿಗೆ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಆಚೆ ದಡದಲ್ಲಿ ದೋಣಿ ಕಟ್ಟುವ ಚಪ್ಪರ, ಅದರ ಪಕ್ಕ ಒಂದು ಮಾಡು, ಬೆಳಗ್ಗೆ ಸಂಜೆ ಅದರಿಂದ ಏಳುವ ಹೊಗೆ. ಹೊಗೆ ತಡವಾದರೆ ಇವಳ ಎದೆ ಹಾರುತ್ತಿತ್ತು, ಎದ್ದರೆ ಸಿಟ್ಟು ಬರುತ್ತಿತ್ತು. ಊರಿನವರೆಲ್ಲ ರಾಶಿ ಮುಚ್ಚಿ ಮುಗಿಸಿದರು. ಬೀರಮ್ಮನ ಮಡಲು ಅರ್ಧಕ್ಕೂ ಸಾಲದೆ ಹೋಯಿತು. ಕಟ್ಟೆಯಲ್ಲಿ ಅಬ್ಬೆಯವರು ಹೆಣೆದ ಮಡಲು ಆಳೆತ್ತರ ಬಿದ್ದಿತ್ತು. ಕೇಳಲು ಅವಳ ನಾಲಿಗೆ ಏಳಲಿಲ್ಲ.

ಐದನೆಯ ದಿನ ಮಧ್ಯಾಹ್ನ ಗುಡುಗು ಘಟ್ಟ ಬಿಟ್ಟು ಕೆಳಗಿಳಿಯಿತು. ಹಗಲು ಕಂದಿಹೋಯಿತು. ಮಿಂಚು ಪಾತಿಯ ನೀರಿನಲ್ಲೆಲ್ಲ ಬಿದ್ದು ಕಣ್ಣು ಕೋರೈಸಿತು. ಬಟಾಬಯಲಿನಲ್ಲಿ ಬೀರಮ್ಮ ಒಬ್ಬಳೇ ಅರ್ಧ ಮುಚ್ಚಿದ ರಾಶಿಯ ಮೇಲೆ ತನ್ನ ಕಂಬಳಿ ಹರಡಿ, ಅದರ ಮೇಲೆ ಕೈಚಾಚಿ ಬಿದ್ದುಕೊಂಡಿದ್ದಳು. ಆಗ ಬದುವಿನ ಮೇಲೆ ಯಾರೋ ಬರುವುದು ಕಂಡಿತು. ಎಪ್ಪತ್ತು ದಾಟಿದ ಅಬ್ಬೆಯವರು, ತಲೆಯ ಮೇಲೆ ತಮಗಿಂತ ಅಗಲದ ಮಡಲಿನ ಹೊರೆ.

"ಹಿಂದೆ ಹೋಗಿ ಅಬ್ಬೆ! ಸಿಡಿಲು ಬಡೀತದೆ!"

"ಬಡಿಯೂದಾದರೆ ಬಡಿಯಲಿ. ನೀನು ಆ ತುದಿ ಹಿಡಿ."

ಇಬ್ಬರೂ ಸೇರಿ ಹೊದಿಸಿದರು. ಕೊನೆಯ ಮಡಲಿಗೆ ಹಗ್ಗ ಬಿಗಿಯುವಾಗ ಮಳೆ ಕಲ್ಲೆಸೆದಂತೆ ಬಂತು. ಅರ್ಧ ಗಂಟೆ ಹೊಡೆದು ನಿಂತಿತು. ರಾಶಿ ಉಳಿಯಿತು.

ಬೀರಮ್ಮ ಒದ್ದೆ ಸೀರೆಯಲ್ಲೇ ಮನೆಗೆ ಓಡಿದಳು. ಬಿಟ್ಟಿ ಪಡೆದದ್ದು ಅವಳ ಮೈಗೆ ಮುಳ್ಳು. ಒಳಗೆ ಕೊಡುವಂಥದ್ದು ಏನೂ ಕಾಣದೆ ಗಳುವಿನ ಕೊಟ್ಟೆಯನ್ನೇ ಕಿತ್ತು ತಂದು ಅಬ್ಬೆಯವರ ಮುಂದೆ ಹಿಡಿದಳು.

"ನಾನು ಯಾರದ್ದೂ ಸುಮ್ಮನೆ ತಗೊಳ್ಳೂದಿಲ್ಲ. ಇದನ್ನ ಇಟ್ಟುಕೊಳ್ಳಿ. ಈ ವರ್ಷದ ಮೊದಲ ಉಪ್ಪು."

ಅಬ್ಬೆಯವರು ಕೊಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಆಮೇಲೆ ಅದನ್ನು ಅವಳ ಮಡಿಲಿಗೇ ಇಟ್ಟರು.

"ಇದಕ್ಕೆ ಕೆಂಪು ನೂಲಿದೆಯಲ್ಲ, ಮಗಳೇ."

ನೂಲಿನ ವಿಷಯ ಬೀರಮ್ಮನಿಗೆ ಮರೆತೇ ಹೋಗಿತ್ತು. ಅವಳು ಅದನ್ನು ನೋಡಿದಳು. ಮಗಳ ಹೆಸರನ್ನು ಒಂಬತ್ತು ವರ್ಷ ಬಾಯಿಗೆ ತಾರದವಳು ಅಂದು ಅದೇ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೊಗೆಯ ವಿಷಯ, ಒಲೆಯ ಪಕ್ಕ ಬೀಳುವ ಹನಿಯ ವಿಷಯ, ಬಸುರಿಯ ಬಯಕೆಯ ವಿಷಯ. ಕೊನೆಗೆ, "ಮಾತು ಆಡಿಬಿಟ್ಟೆ ಅಬ್ಬೆ. ನುಂಗೂಕೆ ನನ್ನಿಂದ ಆಗೂದಿಲ್ಲ. ನನ್ನ ಹತ್ತಿರ ಇರೂದು ಮಾತು ಒಂದೇ," ಎಂದಳು.

ಬೇರೆ ಯಾರಾದರೂ ಆಗಿದ್ದರೆ ಹಟ ಬಿಡು ಎಂದು ಬುದ್ಧಿ ಹೇಳುತ್ತಿದ್ದರು. ಅಬ್ಬೆಯವರು ಹೇಳಲಿಲ್ಲ. "ಏನಂತ ಆಡಿದ್ದೆ? ಇನ್ನೊಮ್ಮೆ ಹೇಳು," ಎಂದಷ್ಟೇ ಕೇಳಿದರು. ಬೀರಮ್ಮ ಹೇಳಿದಳು. ಅವರು ತಲೆದೂಗಿ, ಒದ್ದೆ ಸೆರಗು ಹಿಂಡಿಕೊಂಡು ಕಟ್ಟೆಗೆ ನಡೆದರು.

ಆರನೆಯ ದಿನ ಬೀರಮ್ಮ ಹೊಳೆಗೆ ಕೈಮುಗಿದು ಗೋರುಮಣೆಯನ್ನು ಅಟ್ಟಕ್ಕೆ ಏರಿಸಿದಳು. ಉಪ್ಪಿನ ಕಾಲ ಮುಗಿಯಿತೆಂದು ಅರ್ಥ. ಹಾಗೆ ಏರಿಸಿದ ಮೇಲೆ, ಮುಂದಿನ ಹಂಗಾಮಿಗೆ ಪಾತಿ ಕಟ್ಟುವವರೆಗೂ, ಉಪ್ಪಿನವರು ಹೊಳೆಯ ನೀರನ್ನು ಕೈಯಿಂದ ಮುಟ್ಟುವುದಿಲ್ಲ. ಮಳೆಗಾಲದ ಹೊಳೆ ಮುಟ್ಟಿದ ಕೈಗೆ ಮತ್ತೆ ಹರಳು ಕಟ್ಟುವುದಿಲ್ಲವೆಂದು ಹಿರಿಯರ ಕಾಲದಿಂದ ಭಯ. ದಡದಲ್ಲೇ ಹುಟ್ಟಿ ದಡದಲ್ಲೇ ಮುದಿಯಾಗುವ ಆ ಜನ ವರ್ಷದಲ್ಲಿ ಐದಾರು ತಿಂಗಳು ಹೊಳೆಗೆ ಬೆನ್ನು ಹಾಕಿ ಬದುಕುತ್ತಾರೆ. ಬೀರಮ್ಮನೂ ಹಾಗೆಯೇ ಬದುಕಿದ್ದಳು.

ಏಳನೆಯ ದಿನ ಬೆಳಗ್ಗೆ ಹೊಸ ನೀರು ಇಳಿದು ಹೊಳೆ ಕೆಂಪಾಗಿತ್ತು. ಕಟ್ಟೆಯಲ್ಲಿ ಹಮ್ಮಣ್ಣ ಕೂಗು ಹಾಕುತ್ತಿದ್ದ. "ಇದೇ ಕಡೆಯ ತಾರಿ! ಆಚೆ ಹೆಂಡತಿ ಇರುವವರು, ಸಾಲ ಕೇಳುವವರಿಂದ ತಪ್ಪಿಸಿಕೊಳ್ಳುವವರು, ಎಲ್ಲ ಬನ್ನಿ!"

ಆ ಕೂಗು ಕೇಳಲಾರದೆಯೇ ಬೀರಮ್ಮ ಬಾವಿಯ ಕಡೆ ಹೊರಟಿದ್ದಳು. ಅಬ್ಬೆಯವರು ಕೈಸನ್ನೆ ಮಾಡಿ ಕರೆದು, ತಮ್ಮ ಗರಟೆಯನ್ನು ಅವಳ ಕೈಗೆ ಕೊಟ್ಟರು.

"ಕುಡಿ."

ಸೆಖೆಗೆ ಗಂಟಲು ಒಣಗಿತ್ತು. ಅವಳು ಗಟಗಟ ಕುಡಿದಳು. ಮಣ್ಣಿನ ವಾಸನೆಯ, ತಣ್ಣಗಿನ, ಸಿಹಿನೀರು.

"ಯಾವ ಬಾವಿಯದು ಅಬ್ಬೆ? ರಾಡಿ ಆಗಿದೆಯಲ್ಲ."

ಅಬ್ಬೆಯವರು ಹೊಳೆಯ ಕಡೆ ನೋಡಿದರು.

ಬೀರಮ್ಮ ನಂಬಲಿಲ್ಲ. ಯಾರ ಮಾತನ್ನೂ ನೋಡದೆ ನಂಬುವವಳಲ್ಲ ಅವಳು. ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು ತನ್ನ ಕೈ ನೋಡಿಕೊಂಡಳು. ಈ ಕೈಯಿಂದಲೇ ಅವಳ ಅನ್ನ. ದೋಣಿಯಲ್ಲಿ ಕೂತವರು ಬಾಯಿ ತೆರೆದು ನೋಡಿದರು. "ಮುಟ್ಟಬೇಡವೇ!" ಎಂದು ಒಬ್ಬಳು ಕಿರುಚಿದಳು. ಬೀರಮ್ಮ ಎರಡೂ ಕೈ ಮುಳುಗಿಸಿ ಬೊಗಸೆ ಎತ್ತಿ ಕುಡಿದಳು. ಇನ್ನೊಂದು ಬೊಗಸೆ. ಮೂರನೆಯದನ್ನು ಕುಡಿಯಲಾಗಲಿಲ್ಲ, ಮುಖಕ್ಕೆ ಎರಚಿಕೊಂಡಳು. ಅವಳ ಕಣ್ಣೀರನ್ನು ಯಾರೂ ಕಾಣಬಾರದಿತ್ತು.

ಘಟ್ಟದ ಮೇಲೆ ವಾರವಿಡೀ ಸುರಿದ ನೀರು ಇಳಿದು, ಇಳಿತದ ಹೊತ್ತಿಗೆ ಉಪ್ಪನ್ನು ಕಡಲಿಗೆ ತಳ್ಳಿತ್ತು ಎನ್ನುತ್ತಾರೆ ತಿಳಿದವರು. ಇರಬಹುದು. ಗುರುಕೃಪೆಗೆ ಅದು ಯಾವ ಕೊರತೆಯನ್ನೂ ತಂದಿಲ್ಲ.

ಮೇಲಿನಿಂದ ಅಬ್ಬೆಯವರ ದನಿ ಬಂತು. "ನಿನ್ನ ಮಾತು ಉಳಿದಿದೆ. ಹೊರಡು, ಮಗಳೇ."

ಬೀರಮ್ಮ ಮನೆಗೆ ಓಡಿ ಕೊಟ್ಟೆ ತಂದಳು. ಹಮ್ಮಣ್ಣ ಆಗಲೇ ಹಗ್ಗ ಬಿಚ್ಚಿದ್ದವನು ಹುಟ್ಟು ಊರಿ ಕಾದ. ದೋಣಿಯಲ್ಲಿ ಅವಳು ಕೊಟ್ಟೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ನಿಂತೇ ಇದ್ದಳು. ಕೂರು ಎಂದರೆ ಕೂರಲಿಲ್ಲ.

ಆಚೆ ದಡದ ಮೆಟ್ಟಿಲಿನ ಮೇಲೆ ಶೇವಂತಿ ಕೂತಿದ್ದಳು. ತುಂಬಿದ ಹೊಟ್ಟೆ, ಬತ್ತಿದ ಮುಖ. ದೋಣಿ ತಾಗಿದರೂ ಅವಳು ಏಳಲಿಲ್ಲ. ಕಂಡದ್ದು ನಿಜವೋ ಅಲ್ಲವೋ ಎಂಬಂತೆ ನೋಡಿದಳು.

"ಹೊಳೆ ಸಿಹಿಯಾಗಿದೆ," ಎಂದಳು ಬೀರಮ್ಮ. ಮಗಳ ಮುಖ ನೋಡಲಾರದೆ ಹೊಳೆಯನ್ನೇ ನೋಡುತ್ತ, "ಕುಡಿದೇ ಬಂದೆ," ಎಂದಳು.

"ಪ್ರತಿ ಮಳೆಗಾಲ ಸಿಹಿಯಾಗ್ತದೆ, ಅವ್ವಿ," ಎಂದಳು ಶೇವಂತಿ. "ನಾನು ದಿನಾ ಬೆಳಗ್ಗೆ ಒಂದು ಬೊಗಸೆ ಕುಡಿದು ನೋಡ್ತಿದ್ದೆ. ಸಿಹಿಯಾದ ದಿನ ಇಲ್ಲಿ ಬಂದು ಕೂರ್ತಿದ್ದೆ. ಅವ್ವಿಗೂ ಗೊತ್ತಾಗಿರ್ತದೆ, ಇವತ್ತು ಬರ್ತಾಳೆ ಅಂತ."

ಬೀರಮ್ಮ ನಿಂತಲ್ಲೇ ಕುಸಿದಳು. ಬಸುರಿ ಮಗಳೇ ತಾಯಿಯನ್ನು ಎಬ್ಬಿಸಿ ಹೊಸಿಲು ದಾಟಿಸಿದಳು. ಅಂದು ಆ ಮನೆಯಲ್ಲಿ ಗಂಜಿಗೆ ಬಿದ್ದ ಉಪ್ಪಿನ ಕೊಟ್ಟೆಯ ನೂಲನ್ನು ಬಿಚ್ಚಿದ್ದು ವಾಮನ ಆಚಾರಿ.

ಬೀರಮ್ಮ ಮಳೆಗಾಲವೆಲ್ಲ ಅಲ್ಲೇ ಉಳಿದಳು. ಶ್ರಾವಣದಲ್ಲಿ, ಒಂದು ಹಗಲು ಒಂದು ರಾತ್ರಿ ಕಾಡಿಸಿ, ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಉಳಿದರು. ದೀಪಾವಳಿ ಕಳೆದು ತಾರಿ ಬಿಟ್ಟ ದಿನ ಮರಳಿ ಬಂದು ಅಬ್ಬೆಯವರ ಪಾದ ಹಿಡಿದಾಗ ಅವರು ಕೇಳಿದ್ದು, "ಕೂಸಿಗೆ ಏನು ಹೆಸರಿಟ್ಟೆ?" ಎಂದಷ್ಟೇ. ಕೇಳಿ ಸ್ವಲ್ಪ ಸರಿದು ಜಾಗ ಕೊಟ್ಟು, ಒಂದು ಸೀಳಿದ ಮಡಲನ್ನು ಅವಳ ಮುಂದೆ ಎಳೆದರು. ನಾಲ್ಕು ಪಾತಿಯ ಒಡತಿ ಅವರ ಪಕ್ಕ ಕೂತು ಹೆಣೆಯತೊಡಗಿದಳು. ಆ ವರ್ಷ ಅವಳ ಪಾತಿಯಲ್ಲಿ ಹರಳು ಎಂದಿನಂತೆಯೇ ಕಟ್ಟಿತು.

ಅಬ್ಬೆಯವರು ದೇಹ ಬಿಟ್ಟ ಮೇಲೆ ತಾರಿಕಟ್ಟೆಯನ್ನು ಗುಡಿಸಿದವಳು ಬೀರಮ್ಮ. ಮನೆಯವರೊಡನೆ ಮುನಿದು, ಇನ್ನು ಆ ಮುಖ ನೋಡುವುದಿಲ್ಲವೆಂದು ಆಣೆ ಹಾಕಿ ಬಂದವರು ಆ ಕಟ್ಟೆಯಲ್ಲಿ ಎಷ್ಟೋ ಜನ ಕೂರುತ್ತಿದ್ದರು. ಅವಳು ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಮೆಟ್ಟಿಲಿಳಿದು ಅಬ್ಬೆಯವರ ಗರಟೆಯಲ್ಲಿ ಹೊಳೆಯ ನೀರು ಎತ್ತಿ ತಂದು ಅವರ ಮುಂದೆ ಹಿಡಿಯುತ್ತಿದ್ದಳು. ಬೇಸಿಗೆಯಾದರೆ, "ಇವತ್ತು ಉಪ್ಪಿದೆ. ನಾಳೆ ಮತ್ತೆ ನೋಡು," ಎನ್ನುತ್ತಿದ್ದಳು.